ವನಗೂರಿನ ನೀಲಿ ಗೆರೆ

ನಮ್ಮಜ್ಜಿ ದೇವೀರಮ್ಮ ಹೇಳುತ್ತಿದ್ದ ಕಥೆಗಳಲ್ಲಿ ಒಂದು ಕಾವಲುಗಾರನದು. ಏಳು ಬೆಟ್ಟದ ಏಳು ಊರಿಗೆ ಅವನೊಬ್ಬನೇ ಕಾವಲು. ಊರಿಗೊಂದು ದೀಪ. ದೀಪ ಉರಿಯುತ್ತಿದ್ದರೆ ಊರು ಸುಖವಾಗಿದೆ ಎಂದರ್ಥ. ಅವನು ಎತ್ತರದ ಬಂಡೆಯ ಮೇಲೆ ಕೂತು ಏಳನ್ನೂ ನೋಡುತ್ತಿರುತ್ತಾನೆ. ಒಂದು ದಿನ ಒಂದು ದೀಪ ಆರುತ್ತದೆ. ಮುಂದೇನಾಯಿತು ಎನ್ನುವುದು ಅಜ್ಜಿಯ ಮರ್ಜಿ. ಮನಸ್ಸು ಹಗುರವಿದ್ದ ದಿನ ಅವನು ಓಡಿ ಹೋಗಿ ಊರನ್ನು ಉಳಿಸುತ್ತಿದ್ದ. ಸೊಂಟ ನೋಯುತ್ತಿದ್ದ ದಿನ, ಅವನು ಬಂಡೆ ಇಳಿಯುವುದರೊಳಗೆ ಕಥೆ ಮುಗಿದುಹೋಗುತ್ತಿತ್ತು.

ಎರಡು ಸಾವಿರದ ಎಂಟನೇ ಇಸವಿಯ ಫೆಬ್ರವರಿ ಕೊನೆಯಲ್ಲಿ ನಮ್ಮ ಮ್ಯಾನೇಜರ್ ರಾಜಶೇಖರ್ ಸರ್ ನನ್ನನ್ನು ಕರೆದು ಒಂದು ಕೆಲಸ ಒಪ್ಪಿಸಿದಾಗ ನನಗೆ ಈ ಕಥೆಯೇ ನೆನಪಾಯಿತು. ಖುಷಿಯೂ ಆಯಿತು. ನಾನು ಆಗ ಆನೇಮಹಲ್‌ನಲ್ಲಿ ಹೈವೇ ಪಕ್ಕದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಬೆಳೆಗಾರರು ತಂದ ಒಣ ಕಾಫಿಯ ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸಿ, ಮೂಟೆ ಕಟ್ಟುವ ಕಾರ್ಖಾನೆ ಅದು. ಸ್ಟೋರಿನ ಪಕ್ಕದ ತಣ್ಣನೆಯ ಕೋಣೆಯಲ್ಲಿ ಎರಡು ಹಳೆಯ ಸರ್ವರ್‌ಗಳೂ ಆ ವರ್ಷವಷ್ಟೇ ಬಂದ ಒಂದು ಹೊಸದೂ ಇದ್ದವು. ಹೊಸದು ಹೊರಗಿನಿಂದ ನೋಡಿದರೆ ಒಂದೇ ಪೆಟ್ಟಿಗೆ. ಒಳಗೆ ನಾಲ್ಕು ಕಂಪ್ಯೂಟರ್‌ಗಳು ತಾವು ಬೇರೆ ಬೇರೆ ಎಂದುಕೊಂಡು ಬದುಕುತ್ತಿದ್ದವು. ಅವಕ್ಕೆ ಸ್ವಂತ ಮೈಯಿಲ್ಲ. ಅಂಥವನ್ನು ವರ್ಚುವಲ್ ಎನ್ನುತ್ತಾರೆ ಎಂದು ಅಜ್ಜಿಗೆ ವಿವರಿಸಿದ್ದೆ. ಒಂದೇ ಮೈಗೆ ನಾಲ್ಕು ಜನ ಬಂದು ಸೇರಿಕೊಂಡರೆ ಆ ಮೈಯ ಗತಿಯೇನು ಎಂದು ಅಜ್ಜಿ ಕೇಳಿದ್ದಳು. ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಇವೆಲ್ಲವನ್ನೂ, ಜೊತೆಗೆ ಆಲೂರು ಮತ್ತು ವನಗೂರಿನ ನಮ್ಮ ಡಿಪೋಗಳ ಕಂಪ್ಯೂಟರ್‌ಗಳನ್ನೂ ಹಗಲಿರುಳು ಕಾಯುವ ಒಂದು ಸಾಫ್ಟ್‌ವೇರ್ ಕೊಳ್ಳಬೇಕೆಂದು ಹಾಸನದ ಹೆಡ್ಡಾಫೀಸು ತೀರ್ಮಾನಿಸಿತ್ತು. ಎರಡು ಕಂಪನಿಗಳು ಒಂದೊಂದು ತಿಂಗಳು ಬಿಟ್ಟಿಯಾಗಿ ಬಳಸಲು ಕೊಟ್ಟಿದ್ದವು. ಮಾರ್ಚಿನಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು. ಎರಡನ್ನೂ ಪರೀಕ್ಷಿಸಿ, ಯಾವುದು ಒಳ್ಳೆಯದೆಂದು ಬರೆದುಕೊಡುವುದು ನನ್ನ ಕೆಲಸ.

ಮೊದಲನೆಯದರ ಪರದೆ ಬಹಳ ಚಂದವಿತ್ತು. ಕಂಪ್ಯೂಟರಿಗೊಂದು ಗೆರೆ. ಬದುಕಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮಾರ್ಚ್ ಎರಡನೇ ವಾರ ಕೋಣೆಯ ಎಸಿ ಕೆಟ್ಟು ಹೊಸ ಪೆಟ್ಟಿಗೆ ಕಾದ ಹೆಂಚಿನಂತಾಯಿತು. ಒಳಗಿನ ನಾಲ್ಕು ಮೈಯಿಲ್ಲದವು ಹಸಿರಾಗಿಯೇ ಇದ್ದವು. ಅವು ನಗುತ್ತಿದ್ದವು, ಹೊತ್ತ ಮೈ ಸುಡುತ್ತಿತ್ತು. ಸುಟ್ಟ ವಾಸನೆ ಬಂದದ್ದು ನನ್ನ ಮೂಗಿಗೇ ಹೊರತು ಆ ಸಾಫ್ಟ್‌ವೇರಿಗಲ್ಲ. ಅದು ಒಳಗಿನ ಜೀವಗಳನ್ನು ನೋಡುತ್ತದೆ, ಮೈಯನ್ನು ನೋಡುವುದಿಲ್ಲ ಎಂದು ಬರೆದುಕೊಂಡೆ. ಆದರೆ ತಿಂಗಳ ಕೊನೆಗೆ ಅದು ಅಚ್ಚು ಹಾಕಿಕೊಟ್ಟ ಬಣ್ಣದ ಹಾಳೆ ಎಷ್ಟು ಮುದ್ದಾಗಿತ್ತೆಂದರೆ, ಇದರ ವರದಿಗಳು ಹೀಗೆ ಬರುತ್ತವೆ ಎಂದು ತೋರಿಸಲು ಆ ಹಾಳೆಯನ್ನೇ ಮಾದರಿಗಾಗಿ ಲಗತ್ತಿಸಿ ಹೆಡ್ಡಾಫೀಸಿಗೆ ಕಳಿಸಿದೆ.

ನಾನು ಬರೆದ ನಾಲ್ಕು ಪುಟಗಳನ್ನು ಅಲ್ಲಿ ಯಾರೂ ಓದಲಿಲ್ಲ. ಹಾಳೆಯನ್ನು ಓದಿದರು. ಅದರಲ್ಲಿ ಕಂಪ್ಯೂಟರ್ ಎಷ್ಟು ಹೊತ್ತು ಬದುಕಿತ್ತು ಎಂಬ ಲೆಕ್ಕವಿತ್ತು. ಆಲೂರು ನೂರಕ್ಕೆ ತೊಂಬತ್ತೊಂದು. ವನಗೂರು ನೂರಕ್ಕೆ ನಲವತ್ತಮೂರು.

ಮೂರನೇ ದಿನ ರಾಜಶೇಖರ್ ಸರ್ ಕರೆದರು. ಏಪ್ರಿಲ್ ಕೊನೆಗೆ ತೊಂಬತ್ತರ ಕೆಳಗಿರುವ ಡಿಪೋವನ್ನು ಮುಚ್ಚಿ ಆನೇಮಹಲ್‌ಗೆ ಸೇರಿಸುತ್ತಾರಂತೆ ಎಂದು ಹೇಳಿ, ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತ ಕೂತರು. ಅದು ಸಾಫ್ಟ್‌ವೇರ್ ಹೇಗಿದೆ ಎಂದು ನೋಡಲು ಕಳಿಸಿದ ಹಾಳೆ, ಜನ ಹೇಗಿದ್ದಾರೆ ಎಂದು ನೋಡಲು ಅಲ್ಲ ಎಂದೆ. ಅವರು, ಅದು ನಿಮಗೂ ಗೊತ್ತು, ನನಗೂ ಗೊತ್ತು ಎಂದರು. ರಾತ್ರಿಯ ಹೊತ್ತನ್ನಾದರೂ ಲೆಕ್ಕದಿಂದ ಬಿಡಿಸಿ ಎಂದು ಕೇಳಿದೆ. ಡಿಪೋದ ದಾಖಲೆಗಳನ್ನು ಸರ್ವರ್ ಎಳೆದುಕೊಳ್ಳುವುದೇ ರಾತ್ರಿಯಾದ್ದರಿಂದ ಅದಕ್ಕೂ ಒಪ್ಪಿಗೆ ಸಿಗಲಿಲ್ಲ.

ವನಗೂರಿನ ಡಿಪೋ ಎಂದರೆ ಗಂಗಾಮಣಿ, ನಮಗೆಲ್ಲ ಗಂಗಕ್ಕ. ಎರಡೆಕರೆ, ಮೂರೆಕರೆಯವರು ತರುವ ಕಾಫಿ, ಮೆಣಸನ್ನು ತೂಗಿ, ತೇವ ಎಷ್ಟಿದೆ ಎಂದು ನೋಡಿ ಚೀಟಿ ಅಚ್ಚು ಹಾಕಿಕೊಡುವವಳು ಅವಳೇ. ಅಳೆಯುವ ಯಂತ್ರವಿದ್ದರೂ ಮೊದಲು ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು. ಜನ ಯಂತ್ರಕ್ಕಿಂತ ಆ ಹಲ್ಲನ್ನು ನಂಬುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ಹನ್ನೊಂದು ವರ್ಷದಿಂದ, ಡಿಪೋದ ಹಿಂದಿನ ಎರಡು ಕೋಣೆಯೇ ಅವಳ ಮನೆ. ಡಿಪೋ ಮುಚ್ಚಿದರೆ ಕೆಲಸದ ಜೊತೆ ಮನೆಯೂ ಹೋಗುತ್ತದೆ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮಾರನೆಯ ದಿನವೇ ಜೀಪು ಹತ್ತಿ ವನಗೂರಿಗೆ ಹೋದೆ. ಗಂಗಕ್ಕ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಒಳಗೆ ಕಂಪ್ಯೂಟರ್ ಬಟ್ಟೆ ಹೊದ್ದು ಮಲಗಿತ್ತು. ಪ್ಲಗ್ಗು ಕಿತ್ತು ಕಿಟಕಿಯ ಸರಳಿಗೆ ಸುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಬೀಗ ಹಾಕುವಾಗ ಒಮ್ಮೆ, ಬೆಟ್ಟದಾಚೆ ಗುಡುಗಿದಾಗಲೆಲ್ಲ ಒಮ್ಮೆ ಅವಳು ಹೀಗೆ ಮಾಡುತ್ತಿದ್ದಳು. ಗುಡುಗಿದರೆ ಇನ್ನೂ ಎರಡು ಕೆಲಸವಿತ್ತು. ಸೂರಿನ ಮೇಲೆ ಕಂಬ ನೆಟ್ಟು ಕಟ್ಟಿದ್ದ ಫೋನಿನ ಆಂಟೆನಾದ ವೈರು ಬಿಚ್ಚಿ ಹೊರಗೆಸೆಯುವುದು, ಅಂಗಳಕ್ಕೊಂದು ಕತ್ತಿ ಎಸೆಯುವುದು. ಕಬ್ಬಿಣ ಕಂಡರೆ ಸಿಡಿಲು ಅಲ್ಲಿಗೇ ಇಳಿದು ಮನೆಯನ್ನು ಬಿಡುತ್ತದೆ ಎಂದು ಆ ಕಡೆಯವರೆಲ್ಲ ಹಾಗೆ ಮಾಡುತ್ತಾರೆ.

ನಾನು ಎಲ್ಲ ಹೇಳಿದೆ. ಹಾಳೆ ಕಳಿಸಿದವಳು ನಾನೇ ಎಂಬುದೊಂದನ್ನು ಬಿಟ್ಟು. ಅರ್ಥವಾಗಲೆಂದು ಅಜ್ಜಿಯ ಕಾವಲುಗಾರನ ಕಥೆಯನ್ನೂ ಸೇರಿಸಿದೆ.

"ಅಲ್ಲ ಕಣವ್ವ, ಸುಮನಾ," ಎಂದಳು ಗಂಗಕ್ಕ, ಮೆಣಸಿನಿಂದ ಕಡ್ಡಿ ಆರಿಸುತ್ತ. "ನನ್ನ ಮನೆ ದೀಪ ನಾನೇ ಆರಿಸ್ಕಂಡು ಮಲ್ಗುದ್ರೆ ಆ ಬಂಡೆ ಮೇಲೆ ಕೂತೋನಿಗೆ ಏನ್ ಸಂಕಟ? ಎದ್ದು ಬಂದು ನೋಡಾಕೆ ಕಾಲಿಲ್ವಾ ಅವನಿಗೆ?"

"ಅವನಿಗೆ ಗೊತ್ತಾಗಲ್ಲ ಅಕ್ಕ. ನೀವು ಆರಿಸಿದ್ರಾ, ಗಾಳಿಗೆ ಆರ್ತಾ, ಎರಡೂ ಅವನಿಗೆ ಕೆಂಪೇ."

"ಹಂಗಾದ್ರೆ ಅವ್ನು ಕಾವಲುಗಾರ ಅಲ್ಲ ಬಿಡು. ಗದ್ದೇಲಿ ನಿಲ್ಸೋ ಬೆರ್ಚಪ್ಪ."

ನಗು ಬಂತು. ಅವಳೂ ನಕ್ಕಳು. ಆಮೇಲೆ ಅವಳು ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ಏನು ಮಾಡಬೇಕು ಹೇಳು ಎಂದಳು.

ಕಂಪ್ಯೂಟರನ್ನೂ ನೆಟ್ಟನ್ನೂ ಹಗಲೂ ರಾತ್ರಿಯೂ ಆರಿಸಬೇಡಿ ಎಂದೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಗುಡುಗು ಬಂದರೆ ಎಂದು ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ತಯಾರಿತ್ತು. ಏಪ್ರಿಲ್‌ನ ಎರಡನೇ ಸಾಫ್ಟ್‌ವೇರಿನಲ್ಲಿ ಒಂದು ಒಳ್ಳೆಯ ಗುಣವಿತ್ತು. ಇಂಥ ಕಂಪ್ಯೂಟರನ್ನು ಇಂಥ ಹೊತ್ತಿನಿಂದ ಬೇಕೆಂದೇ ಆರಿಸುತ್ತಿದ್ದೇವೆ ಎಂದು ಮುಂಚೆಯೇ ತುಂಬಿಸಿದರೆ ಅದು ಆ ಗೆರೆಯನ್ನು ಕೆಂಪು ಮಾಡದೆ ನೀಲಿ ಮಾಡುತ್ತದೆ. ನೀಲಿ ಎಂದರೆ ವಿಶ್ರಾಂತಿ. ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮುಂಚೆ ತುಂಬಿಸಬೇಕು, ಆಮೇಲೆ ಆರಿಸಬೇಕು.

"ಮೋಡ ಆದ್ರೆ ನಾನು ಅಲ್ಲಿಂದ ನೀಲಿ ಮಾಡಿ ತಕ್ಷಣ ನಿಮಗೆ ಫೋನ್ ಮಾಡ್ತೀನಿ ಅಕ್ಕ. ನನ್ನ ಫೋನ್ ಬರೋವರೆಗೂ ಪ್ಲಗ್ ಮುಟ್ಟಬೇಡಿ. ಬಂದ ಮೇಲೆ ಕಿತ್ತುಬಿಡಿ."

"ಸಿಡ್ಲು ನಿನ್ನ ಕೇಳ್ಕಂಡು ಬತ್ತದಾ?"

"ನಾನು ನೋಡ್ತಾ ಇರ್ತೀನಲ್ಲ," ಎಂದೆ.

ಅವಳು ಒಪ್ಪಿದಳು. ನನ್ನ ಕಂಪ್ಯೂಟರ್ ಓದನ್ನು ಅವಳು ತುಂಬ ದೊಡ್ಡದೆಂದು ತಿಳಿದಿದ್ದಳು.

ಏಪ್ರಿಲ್ ಒಂದರಿಂದ ವನಗೂರಿನ ಗೆರೆ ಹಸಿರಾಯಿತು. ಬೆಳಗ್ಗೆ ಬಂದಾಗ ಹಸಿರು, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಹಸಿರು, ಸಂಜೆ ಬಸ್ಸಿಗೆ ಹೊರಡುವಾಗಲೂ ಹಸಿರು. ಎರಡನೆಯ ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿತ್ತು. ಪೆಟ್ಟಿಗೆಯ ಬಿಸಿಯನ್ನೂ ಒಳಗಿನ ನಾಲ್ಕು ಜೀವಗಳನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತಿತ್ತು. ಯಾವ ಜೀವ ಯಾವ ಮೈಯನ್ನು ನಂಬಿಕೊಂಡಿದೆ ಎಂದು ಗೆರೆ ಎಳೆದು ಹೇಳುತ್ತಿತ್ತು. ತಿಂಗಳ ವರದಿಯನ್ನು ತಾನೇ ಬರೆದು ತಾನೇ ಹೆಡ್ಡಾಫೀಸಿಗೆ ಮೇಲ್ ಮಾಡುತ್ತಿತ್ತು. ಆ ಗುಣಕ್ಕೆ ನಾನು ಹತ್ತಕ್ಕೆ ಹತ್ತು ಕೊಟ್ಟೆ. ಆ ದಿನಗಳಲ್ಲಿ ನಾನು ಗಂಗಕ್ಕನ ಜೊತೆ ಒಮ್ಮೆಯೂ ಮಾತಾಡಲಿಲ್ಲ. ಹಸಿರು ಕಂಡರೆ ಅವಳನ್ನೇ ಕಂಡಂತೆ ಇತ್ತು.

ಹತ್ತೊಂಬತ್ತನೇ ತಾರೀಕು, ಶನಿವಾರ. ಮೂರು ಗಂಟೆಗೆ ಪಶ್ಚಿಮದ ಬೆಟ್ಟಗಳ ಮೇಲೆ ಮೋಡ ಎದ್ದಿತು. ಕಾಫಿ ಹೂ ಅರಳಿಸುವ ಹೂಮಳೆಗೆ ಕಾದಿದ್ದ ಬೆಳೆಗಾರರು ಸ್ಟೋರಿನ ಬಾಗಿಲಲ್ಲಿ ನಿಂತು ಸಂತೋಷದಿಂದ ಆ ಕಡೆ ಕೈ ತೋರಿಸುತ್ತಿದ್ದರು. ನಾನು ಪರದೆಯ ಮುಂದೆ ಕೂತು ವನಗೂರನ್ನು ನೀಲಿ ಮಾಡಿದೆ. ಅವಸರದಲ್ಲಿ ಶುರುವಾಗುವ ಸಮಯ ತುಂಬಿದೆ, ಮುಗಿಯುವ ಸಮಯ ತುಂಬಲಿಲ್ಲ. ಆಮೇಲೆ ಫೋನ್ ಎತ್ತಿ ಗಂಗಕ್ಕನ ನಂಬರ್ ಒತ್ತಿದೆ.

ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.

ಮತ್ತೆ ಮಾಡಿದೆ. ಅದೇ ಹೆಂಗಸು, ಅದೇ ದನಿ. ಯಾರ ಜೊತೆ ಇಷ್ಟು ಮಾತಾಡುತ್ತಿದ್ದಾಳೆ ಎಂದುಕೊಂಡೆ. ಐದನೆಯ ಸಲಕ್ಕೆ ಹೊಳೆಯಿತು.

ವನಗೂರಿನ ಡಿಪೋಗೆ ಇದ್ದದ್ದು ಒಂದೇ ಫೋನು. ಆ ಆಂಟೆನಾದ ಫೋನಿನ ಮೂಲಕವೇ ಕಂಪ್ಯೂಟರಿಗೆ ನೆಟ್ಟು. ನೆಟ್ಟು ನಡೆಯುತ್ತಿದ್ದಷ್ಟು ಹೊತ್ತು ಆ ಫೋನಿಗೆ ಕರೆ ಹೋಗುವುದಿಲ್ಲ. ಮುಂಚೆ ಅವಳು ಆಗಾಗ ಆರಿಸುತ್ತಿದ್ದುದರಿಂದ ನನಗೆ ಅವಳು ಸಿಗುತ್ತಿದ್ದಳು. ಆರಿಸಬೇಡಿ ಎಂದವಳು ನಾನು. ಫೋನ್ ಮಾಡುತ್ತೇನೆ ಎಂದವಳೂ ನಾನು. ಈ ಎರಡು ಮಾತು ಒಂದು ಬಾಯಲ್ಲಿ ಒಟ್ಟಿಗೆ ಇರಲಾರವು ಎಂದು ಹದಿನೆಂಟು ದಿನ ನನಗೆ ತೋಚಿರಲಿಲ್ಲ.

ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಡಿಪೋ ಹತ್ತಿರದ ಬಸವಯ್ಯನವರ ಅಂಗಡಿಯ ಲ್ಯಾಂಡ್‌ಲೈನಿಗೆ ಮಾಡಿದೆ. ಅದು ಮೊದಲ ಗುಡುಗಿಗೇ ಸತ್ತಿತ್ತು.

ಪರದೆಯ ಮೇಲೆ ವನಗೂರಿನ ಹೆಸರಿನ ಪಕ್ಕ ಎರಡು ಗುಂಡಿಗಳಿದ್ದವು. ಒಂದು ಆ ಕಂಪ್ಯೂಟರಿನ ಪರದೆಗೆ ಸಂದೇಶ ಕಳಿಸಲು, ಇನ್ನೊಂದು ಅದನ್ನು ಇಲ್ಲಿಂದಲೇ ಆರಿಸಲು. ಆರಿಸಿದರೆ ನೆಟ್ಟು ಕಡಿಯುತ್ತದೆ, ನೆಟ್ಟು ಕಡಿದರೆ ಫೋನ್ ರಿಂಗಾಗುತ್ತದೆ. ಎರಡೂ ಗುಂಡಿಗಳು ಬೂದು ಬಣ್ಣಕ್ಕಿದ್ದವು. ಒತ್ತಿದೆ. ಈ ಸೌಲಭ್ಯ ಖರೀದಿಸಿದವರಿಗೆ ಮಾತ್ರ ಎಂದು ಸಣ್ಣ ಚೌಕ ತೆರೆದುಕೊಂಡಿತು. ಬಿಟ್ಟಿ ತಿಂಗಳಲ್ಲಿ ಕಣ್ಣನ್ನು ಮಾತ್ರ ಕೊಟ್ಟಿದ್ದರು. ಕೈಯನ್ನು ಆಮೇಲೆ ಕೊಡುವವರಿದ್ದರು.

ಸಾಫ್ಟ್‌ವೇರ್ ಮಾರುವ ಅಭಿಲಾಷ್ ಎಂಬಾತನ ಬೆಂಗಳೂರಿನ ನಂಬರಿಗೆ ಫೋನ್ ಮಾಡಿದೆ. ಅವನು ಬಹಳ ಮರ್ಯಾದಸ್ಥ. ನನ್ನ ಮಾತು ಪೂರ್ತಿ ಕೇಳಿಸಿಕೊಂಡ.

"ಮೇಡಂ, ಆ ಗುಂಡಿ ತೆರೆಯೋ ಪೂರ್ತಿ ಕೀ ಕೊಡೋಕೆ ನಮ್ ಬಾಸ್ ಅಪ್ರೂವಲ್ ಬೇಕು. ಇವತ್ತು ಶನಿವಾರ. ಸೋಮವಾರ ಬೆಳಗ್ಗೆ ಮೊದಲನೇ ಕೆಲಸ ನಿಮ್ದೇ."

"ಅಲ್ಲಿ ಒಬ್ಬರು ಕೂತಿದಾರೆ."

"ಅರ್ಥ ಆಗ್ತದೆ ಮೇಡಂ," ಎಂದ. ಅರ್ಥ ಆಗಿರಲಿಲ್ಲ, ಆಗುವಂತೆಯೂ ಇರಲಿಲ್ಲ.

ರಾಜಶೇಖರ್ ಸರ್ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಜೀಪು ಕಳಿಸಿ ಎಂದೆ. ಹೋಗಲು ಒಂದೂವರೆ ಗಂಟೆ ಬೇಕು ಕಣ್ರೀ, ಎಂದು ಕಿಟಕಿಯ ಕಡೆ ನೋಡಿದರು. ಆದರೂ ಕಳಿಸಿದರು. ಜೀಪು ಅರ್ಧ ದಾರಿಯಲ್ಲಿ ಬಿದ್ದ ಮರದ ಮುಂದೆ ನಿಂತು ವಾಪಸಾಯಿತು.

ನಾನು ಪರದೆ ನೋಡುತ್ತ ಕೂತೆ. ಬೆಟ್ಟದ ಕಡೆ ಬೆಳಕು ಸೀಳುವುದು ಮೊದಲು, ಸದ್ದು ಆಮೇಲೆ. ಪರದೆಯ ಮೇಲೆ ವನಗೂರು ನೀಲಿ, ನೀಲಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಕಂಪ್ಯೂಟರಿನಿಂದ ಕೊನೆಯ ಉತ್ತರ ಬಂದ ಸಮಯ. ಮೂರು ನಲವತ್ತು. ಮೂರು ಐವತ್ತೊಂದು. ನಾಲ್ಕು ಗಂಟೆ. ಆ ಅಂಕಿ ನಿಂತುಬಿಡಲಿ ಎಂದು ಬೇಡಿಕೊಂಡೆ. ಅವಳು ನನ್ನ ಮಾತು ಮೀರಿ ಪ್ಲಗ್ಗು ಕಿತ್ತುಹಾಕಲಿ, ನನ್ನನ್ನು ಬೈಯಲಿ. ಆದರೆ ಅಂಕಿ ಮುಂದೆ ಹೋಗುತ್ತಲೇ ಇತ್ತು. ಅವಳು ಮಾತು ಉಳಿಸಿಕೊಳ್ಳುತ್ತಿದ್ದಳು.

ನಾಲ್ಕು ಏಳಕ್ಕೆ ನಿಂತಿತು.

ಗೆರೆ ಕೆಂಪಾಗಲಿಲ್ಲ. ವಿಶ್ರಾಂತಿ ಎಂದು ನಾನೇ ಹೇಳಿದ್ದೆನಲ್ಲ, ಅದು ನೀಲಿಯಾಗಿಯೇ ಇತ್ತು. ಗಂಟೆ ಬಾರಿಸಲಿಲ್ಲ, ನನ್ನ ಮೊಬೈಲಿಗೆ ಸಂದೇಶ ಬರಲಿಲ್ಲ. ಮತ್ತೆ ಫೋನ್ ಮಾಡಿದೆ. ಈ ಸಲ ಹೆಂಗಸಿನ ದನಿ ಬದಲಾಗಿತ್ತು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು.

ಅವತ್ತು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ, ದೀಪ ಆರಿದ್ದು ಯಾಕೆ ಅಂತ ಕಾವಲುಗಾರನಿಗೆ ಕೊನೆಗೆ ಗೊತ್ತಾಯಿತಾ ಎಂದು. ಅಜ್ಜಿ ನನ್ನ ಮುಖ ನೋಡಿ, ಈಗ ಕಥೆ ಬ್ಯಾಡ, ಎರಡು ತುತ್ತು ಉಣ್ಣು ಎಂದಳು.

ಭಾನುವಾರ ಮರ ಕಡಿದು ದಾರಿ ಬಿಡಿಸಿದ ಮೇಲೆ ಮೊದಲ ಜೀಪಿಗೆ ಹೋದೆ. ಅಂಗಳದಲ್ಲಿ ಕತ್ತಿ ಬಿದ್ದಿತ್ತು, ಒದ್ದೆಯಾಗಿ. ಸೂರಿನ ಮೇಲಿನ ಕಂಬ ಎರಡಾಗಿತ್ತು. ಗಂಗಕ್ಕ ಜಗಲಿಯಲ್ಲಿ ಕೂತಿದ್ದಳು. ಬದುಕಿದ್ದಳು. ನಾನು ಮಾತಾಡಿದ್ದಕ್ಕೆ ಉತ್ತರ ಕೊಡದೆ, ಈ ಕಡೆ ಬಾ ಎಂದು ಎಡಗೈ ತೋರಿಸಿದಳು. ಬಲಗಿವಿಗೆ ಹತ್ತಿ ಇಟ್ಟುಕೊಂಡಿದ್ದಳು.

"ಕತ್ತಿ ಎಸ್ದು ಬಂದು ಫೋನ್ ಮುಂದೇನೇ ಸ್ಟೂಲ್ ಹಾಕ್ಕಂಡು ಕೂತಿದ್ದೆ ಕಣವ್ವ. ಈಗ ಬತ್ತದೆ, ಈಗ ಬತ್ತದೆ ಅಂತ. ಒಂದೇ ಸಲ ಬೆಳ್ಳಗಾಗ್ಬುಡ್ತು. ಆಮೇಲೆ ಏನೂ ಕೇಳಿಸ್ಲಿಲ್ಲ."

ನಾನು ಫೋನ್ ಮಾಡಿದ್ದೆ ಎಂದು ಹೇಳಲು ಹೋದೆ. ಯಾಕೆ ಬರಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಯಂತ್ರಗಳನ್ನು ನೋಡಲು ಹೊಸ್ತಿಲು ದಾಟಿದೆ.

ಒಳಗೆ ಕಂಪ್ಯೂಟರ್, ಪ್ರಿಂಟರ್, ತೇವ ಅಳೆಯುವ ಯಂತ್ರ ಮೂರೂ ಕರಕಲಾಗಿದ್ದವು. ಗೋಡೆಯ ಸ್ವಿಚ್ಚಿನ ಹಲಗೆ ಕಿತ್ತು ಬಂದಿತ್ತು. ಅವಳನ್ನು ಸಕಲೇಶಪುರದ ಡಾಕ್ಟರ ಹತ್ತಿರ, ಅವರು ಹೇಳಿದ ಮೇಲೆ ಹಾಸನಕ್ಕೆ ಕರೆದುಕೊಂಡು ಹೋದೆ. ಬಲಗಿವಿಯ ತಮಟೆ ಹರಿದಿದೆ, ಆ ಕಿವಿ ಮತ್ತೆ ಕೇಳುವುದು ಕಷ್ಟ ಎಂದರು.

ಪರದೆಯ ಮೇಲೆ ವನಗೂರು ನೀಲಿಯಾಗಿಯೇ ಉಳಿಯಿತು. ಮುಗಿಯುವ ಸಮಯ ತುಂಬಿ ಸರಿಪಡಿಸಬಹುದಿತ್ತು. ಸರಿಪಡಿಸಿದರೆ ಕೆಂಪಾಗುತ್ತದೆ, ತೊಂಬತ್ತರ ಕೆಳಗಿಳಿಯುತ್ತದೆ, ಡಿಪೋ ಹೋಗುತ್ತದೆ. ಬಿಟ್ಟೆ. ಮೇ ಒಂದನೇ ತಾರೀಕು ವರದಿ ತಾನೇ ಹೊರಟು ಹೋಯಿತು. ವನಗೂರು ನೂರಕ್ಕೆ ತೊಂಬತ್ತೆಂಟು. ಆಲೂರಿಗಿಂತ ಮೇಲು. ಅದರ ಜೊತೆಗೇ ಸಿಡಿಲಿಗೆ ಸುಟ್ಟ ಯಂತ್ರಗಳ ಬದಲಿಗೆ ಹೊಸತು ಕೊಡಿ ಎಂಬ ಪತ್ರವನ್ನೂ ರಾಜಶೇಖರ್ ಸರ್ ಕಳಿಸಿದರು.

ಹತ್ತು ದಿನಕ್ಕೆ ಉತ್ತರ ಬಂತು. ಸರ್ ಅದನ್ನು ಓದಿ ನನ್ನ ಕಡೆ ತಳ್ಳಿದರು. ಹತ್ತೊಂಬತ್ತರ ಮಧ್ಯಾಹ್ನ ಮೂರರಿಂದ ಸದರಿ ಕಂಪ್ಯೂಟರನ್ನು ಉದ್ದೇಶಪೂರ್ವಕವಾಗಿ ಆರಿಸಿಡಲಾಗಿತ್ತೆಂದು ದಾಖಲೆ ತೋರಿಸುತ್ತದೆ. ಆರಿಸಿಟ್ಟದ್ದು ಸುಟ್ಟಿತೆಂಬುದು ಒಪ್ಪುವ ಮಾತಲ್ಲ. ದಾಖಲೆಯಲ್ಲಿ ಯಾವ ವೈಫಲ್ಯವೂ ಕಾಣದ ಕಾರಣ ಬದಲಿ ಯಂತ್ರ ಮಂಜೂರು ಮಾಡಲಾಗದು.

ಅವತ್ತೇ ಕೂತು ನಿಜ ಬರೆದೆ. ನೀಲಿ ಮಾಡಿದ್ದು ನಾನು, ಕಂಪ್ಯೂಟರ್ ಆರದೆ ನಡೆಯುತ್ತಲೇ ಇತ್ತು, ಆರಿಸಬೇಡಿ ಎಂದದ್ದೂ ನಾನು. ಸರ್ ಓದಿ, ಇದನ್ನು ಕಳಿಸಿದರೆ ಏನಾಗುತ್ತದೆ ಗೊತ್ತಲ್ಲ ಎಂದರು. ಗೊತ್ತಿತ್ತು. ನೀಲಿ ಇದ್ದರೆ ಯಂತ್ರ ಸುಟ್ಟೇ ಇಲ್ಲ, ಯಂತ್ರವಿಲ್ಲದೆ ಚೀಟಿ ಇಲ್ಲ, ಚೀಟಿಯಿಲ್ಲದೆ ಡಿಪೋ ಇಲ್ಲ. ನೀಲಿ ತೆಗೆದರೆ ಹನ್ನೊಂದು ದಿನ ಕೆಂಪು, ಆಗಲೂ ಡಿಪೋ ಇಲ್ಲ.

"ಯಾವ್ದು ಕಳಿಸ್ಲಿ ಹೇಳ್ರೀ ಸುಮನಾ?" ಎಂದು ಅವರು ಕೇಳಿದರು. ಅವರೂ ನನ್ನ ಹಾಗೆಯೇ ಕೂತಿದ್ದರು, ಎರಡು ಹಾಳೆಯ ಮೇಲೆ ಎರಡು ಕೈ ಇಟ್ಟುಕೊಂಡು.

ನಿಜವನ್ನೇ ಕಳಿಸಿದೆವು. ಅದಕ್ಕೆ ಉತ್ತರ ಒಂದೇ ಸಾಲಿನದು. ವನಗೂರು ಡಿಪೋವನ್ನು ಮೇ ಕೊನೆಗೆ ಆನೇಮಹಲ್‌ನೊಂದಿಗೆ ವಿಲೀನಗೊಳಿಸಲಾಗಿದೆ. ನನ್ನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಎರಡನೆಯ ಸಾಫ್ಟ್‌ವೇರನ್ನು ಕೊಂಡರು. ನನ್ನ ಶಿಫಾರಸೂ ಅದೇ ಆಗಿತ್ತು, ಅದು ಮೈಯನ್ನೂ ಜೀವವನ್ನೂ ಒಟ್ಟಿಗೆ ನೋಡುತ್ತದೆ ಎಂದು. ಅಭಿಲಾಷ್ ಕೀ ಕಳಿಸಿ ಅಭಿನಂದನೆ ಹೇಳಿದ. ಬೂದು ಗುಂಡಿಗಳಿಗೆ ಬಣ್ಣ ಬಂತು.

ಮೇ ಮೂವತ್ತೊಂದರಂದು ಗಂಗಕ್ಕ ಡಿಪೋದ ಬೀಗದ ಕೈ ಒಪ್ಪಿಸಲು ಆನೇಮಹಲ್‌ಗೆ ಬಂದಳು. ಆಲೂರಿನ ಹತ್ತಿರ ತಂಗಿಯ ಮನೆಗೆ ಹೊರಟಿದ್ದಳು. ಜೀಪಿನ ಹಿಂದೆ ಒಂದು ಟ್ರಂಕು, ಒರಳುಕಲ್ಲು, ಗೋಣಿಯಲ್ಲಿ ಸುತ್ತಿದ ಕತ್ತಿ. ರಿಜಿಸ್ಟರಿನಲ್ಲಿ ಸಹಿ ಹಾಕಿ, ನಮ್ಮ ಕಾಫಿ ಮೂಟೆಯಿಂದ ಒಂದು ಬೀಜ ತೆಗೆದು ಅಭ್ಯಾಸಬಲದಿಂದ ಕಚ್ಚಿ, ಇನ್ನೊಂದ್ ದಿನ ಬಿಸ್ಲಿಗೆ ಹಾಕ್ಬೇಕಿತ್ತು ಎಂದಳು. ಜೀಪಿನ ತನಕ ನಾನು ಜೊತೆಗೆ ಹೋದೆ. ಅವಳು ಹತ್ತಿ ಕೂತಾಗ ಸರಳು ಹಿಡಿದುಕೊಂಡು, ಆ ಹಾಳೆ ಕಳಿಸಿದವಳು ನಾನೇ ಅಕ್ಕ, ನನ್ನಿಂದಲೇ ಆದದ್ದು ಎಲ್ಲ, ಎಂದು ಹೇಳಿಬಿಟ್ಟೆ. ಡ್ರೈವರ್ ಗಾಡಿ ಶುರು ಮಾಡಿದ.

ಗಂಗಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಅವಳ ಬಲಗಡೆ ನಿಂತಿದ್ದೆ.

"ಏನಂದೆ ಕಣವ್ವ? ಕೇಳಿಸ್ಲಿಲ್ಲ. ಈ ಕಡೆ ಬಂದು ಹೇಳು."

ನಾನು ಜೀಪು ಸುತ್ತಿ ಎಡಗಡೆಗೆ ಹೋದೆ. ಅವಳು ಕಿವಿ ಮುಂದೆ ಮಾಡಿಕೊಂಡು ಕಾದಳು.

"ಏನಿಲ್ಲ ಅಕ್ಕ," ಎಂದೆ. "ಮೋಡ ಆಗ್ತಾ ಇದೆ. ಹುಷಾರಾಗಿ ಹೋಗಿ ಅಂದೆ."